ಹುಳಿ ಸಂಘದ ಹೊಸ ಅಧ್ಯಕ್ಷ

ಆ ದಿನ ಎಗೋನ್ ರೋಡರ್‌ಗೆ ಬಾಯಾರಿತು, ಅಷ್ಟೇ ಆದದ್ದು. ಫ್ರಾಂಕ್‌ಫರ್ಟಿನಲ್ಲಿ ಅಂಥ ಬಿಸಿಲು ಕಾಯುತ್ತಿರುವಾಗ ಬಾಯಾರದೆ ಇರಲು ಮನುಷ್ಯನೇನು ಕಲ್ಲೇ? ಬಾಯಾರಿದ್ದು ತಪ್ಪಲ್ಲ. ಆದರೆ ಅವನಿಗೆ ಸೇಬಿನ ವೈನಿಗೆ ಲೆಮನೇಡ್ ಬೆರೆಸಿ ಕುಡಿಯಬೇಕೆನಿಸಿತ್ತು.

ನದಿಯ ಈ ದಡದ ನಮ್ಮ ಪೇಟೆಯಲ್ಲಿ ಸೇಬಿನ ವೈನನ್ನು ಹುಳಿಹುಳಿಯಾಗಿಯೇ ಕುಡಿಯಬೇಕು. ತೀರಾ ಆಗದಿದ್ದರೆ ಸೋಡಾ ಬೆರೆಸಬಹುದು. ಲೆಮನೇಡ್ ಬೆರೆಸುವವರು ಪ್ರವಾಸಿಗರು, ಇಲ್ಲವೇ ಮಾನ ಬಿಟ್ಟವರು. ಈ ಮಾನ ಕಾಯಲೆಂದೇ ಇಲ್ಲೊಂದು ಹುಳಿ ಸಂಘವಿದೆ. ನಮ್ಮ ಎಗೋನ್ ಅದರ ಉಪಾಧ್ಯಕ್ಷ. ಮುದುಕ ವ್ಯಾಲೆಂಟಿನ್ ಅಧ್ಯಕ್ಷಗಿರಿ ಬಿಡುವವನಿದ್ದ. ಅಂದೇ ಸಂಜೆ ಚುನಾವಣೆ, ಎದುರಾಳಿ ಯಾರೂ ಇಲ್ಲ. ಆ ಕುರ್ಚಿಗಾಗಿಯೇ ಎಗೋನ್ ಇಷ್ಟು ವರ್ಷ ಮುಖ ಹಿಂಡದೆ ಹುಳಿ ನುಂಗಿದ್ದ. ನಿಜ ಹೇಳಬೇಕೆಂದರೆ ಅದು ಅವನಿಗೆ ಒಂದು ದಿನವೂ ಸೇರಿರಲಿಲ್ಲ.

"ಕುರ್ಚಿ ಸಿಕ್ಕಿದ್ಮೇಲೆ ಸಾಯೋವರೆಗೂ ಹುಳೀನೇ. ಅದಕ್ಕೆ ಮುಂಚೆ ಒಂದೇ ಒಂದು ಲೋಟ ಸಿಹಿ," ಎಂದು ಗೊಣಗಿಕೊಂಡು ಮನೆಯಿಂದ ಹೊರಟ.

ಹಿಂದಿನ ಬೀದಿಯ ಸೇಬುವೈನಿನ ಅಂಗಡಿಗೆ ನುಗ್ಗಿ, ಬಡಿಸುವ ಹುಡುಗಿಯ ಕಿವಿಯ ಹತ್ತಿರ ಬಾಗಿ "ಲೆಮನೇಡ್..." ಎಂದನೋ ಇಲ್ಲವೋ, ಹಿಂದಿನ ಬೆಂಚಿನಿಂದ ಪಕ್ಕದ ಮನೆಯ ಮಾರ್ಗಾ ಕತ್ತು ಚಾಚಿದಳು. ಆಕೆ ಸಂಘದ ಕಾರ್ಯದರ್ಶಿ. ಬೀದಿಯಲ್ಲಿ ಯಾರು ಸೀನಿದರೂ ಆಕೆಗೆ ಗೊತ್ತಾಗಬೇಕು.

"ಏನ್ರೀ ಎಗೋನ್, ಲೆಮನೇಡ್ ಅಂದ ಹಾಗಾಯ್ತು?"

"ಲೆಮನೇಡ್ ಕೇಳೋರನ್ನ ಒಳಗೇ ಬಿಡ್ಬೇಡಮ್ಮಾ ಅಂತ ಹೇಳ್ತಿದ್ದೆ."

"ಭೇಷ್! ಅಧ್ಯಕ್ಷರು ಅಂದ್ರೆ ಹೀಗಿರ್ಬೇಕು. ಕೂತ್ಕೊಳ್ಳಿ, ಈ ಮಾತಿಗೆ ಒಂದು ಹುಳಿ ಕುಡೀಲೇಬೇಕು."

ಒಂದು ಹೋಗಿ ಮೂರಾಯಿತು. ಹೊಟ್ಟೆ ಉರಿಯತೊಡಗಿತು, ಬಾಯಾರಿಕೆ ಇದ್ದ ಹಾಗೇ ಇತ್ತು.

ಎಗೋನ್ ಸೇತುವೆ ದಾಟಿ ಆಚೆ ದಡದ ಬಿಯರ್ ಅಂಗಡಿಗೆ ಹೋದ. ಹುಳಿ ಸಂಘದವರು ಸತ್ತರೂ ಅಲ್ಲಿ ಕಾಲಿಡುವುದಿಲ್ಲ. ಬಿಯರಿಗಾದರೂ ಸರಿ, ಲೆಮನೇಡ್ ಬಿದ್ದರೆ ಸಾಕು ಎಂದು ಕೈಯೆತ್ತಿದ. ಎತ್ತಿದ ಕೈಯನ್ನು ಯಾರೋ ಹಿಡಿದುಕೊಂಡರು. ನೋಡಿದರೆ ವ್ಯಾಲೆಂಟಿನ್!

"ನೀನೇನೋ ಮಾಡ್ತಿದ್ದೀಯ ಇಲ್ಲಿ?"

"ನೀವು?"

"ನನ್ನ ವಯಸ್ಸಿಗೆ ಬಾ, ಗೊತ್ತಾಗುತ್ತೆ. ಸೇತುವೆ ದಾಟೋ ಅಷ್ಟರಲ್ಲಿ ತಡೆಯೋಕಾಗಲ್ಲ. ಹತ್ರ ಇರೋ ಶೌಚಾಲಯ ಇದೊಂದೇ."

"ನಾನೂ ಅದಕ್ಕೇ ಬಂದೆ."

"ಹಾಗಾದ್ರೆ ಬಾ, ಜೊತೇಲೇ ಹೋಗೋಣ."

ಬೇರೆ ದಾರಿಯಿರಲಿಲ್ಲ. ಎಗೋನ್ ಗೋಡೆಗೆ ಮುಖ ಮಾಡಿ ಸುಮ್ಮನೆ ನಿಂತ. ಪಕ್ಕದಲ್ಲಿ ಮುದುಕನ ಕೆಲಸ ಮುಗಿಯಿತು.

"ಬರ್ತಾ ಇಲ್ವಾ? ಡಾಕ್ಟರಿಗೆ ತೋರಿಸ್ಕೋ ಮಾರಾಯ," ಎಂದು ಬೆನ್ನು ತಟ್ಟಿ ಹೋದ.

ಎಗೋನ್‌ಗೆ ಅಳು ಬಂತು. ಈ ಊರಿನಲ್ಲಿ ನೆಮ್ಮದಿಯಾಗಿ ಸಿಹಿ ಕುಡಿಯಬಲ್ಲವನು ಪ್ರವಾಸಿಗನೊಬ್ಬನೇ. ಸರಿ, ಪ್ರವಾಸಿಗನೇ ಆಗಿಬಿಡೋಣ! ಬೀದಿಬದಿಯಲ್ಲಿ ಹುಲ್ಲಿನ ಟೋಪಿ, ಕಪ್ಪು ಕನ್ನಡಕ, ಎದೆಯ ಮೇಲೆ ಊರಿನ ಹೆಸರು ಬರೆದ ಅಂಗಿ ಕೊಂಡು ಹಾಕಿಕೊಂಡ. ಚಪ್ಪಲಿಯೊಳಗೆ ಕಾಲುಚೀಲವಿದ್ದರೆ ಜರ್ಮನಿಯವನೆಂದು ಯಾರಾದರೂ ಹೇಳಿಯಾರು. ಅದನ್ನು ಬಿಚ್ಚಿ ಒಂದು ಜೇಬಿಗೆ ತುರುಕಿದ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಕಳಚಿ ಇನ್ನೊಂದು ಜೇಬಿಗೆ ಹಾಕಿದ. ಕೆನ್ನೆ ಒಳಕ್ಕೆ ಹೋಗಿ ಅವನ ಗುರುತು ಅವನಿಗೇ ಸಿಗದಂತಾಯಿತು.

ಪ್ರವಾಸಿಗರ ಬಸ್ಸುಗಳು ನಿಲ್ಲುವ ಕಡೆ ಒಂದು ಹೋಟೆಲಿದೆ. ಅಲ್ಲಿ ಹೋಗಿ ಉದ್ದನೆಯ ಬೆಂಚಿನಲ್ಲಿ ಗೋಡೆಯ ಮೂಲೆಗೆ ಕೂತು, ಲೆಮನೇಡಿನ ಚಿತ್ರವನ್ನು ಬೆರಳಿಟ್ಟು ತೋರಿಸಿದ. ಯಾರೂ ನಗಲಿಲ್ಲ. ಸಿಹಿ ಬೆರೆಸಿದ ಲೋಟ ಬಂತು. ಅದರ ತಣ್ಣನೆಯ ಮೈಮೇಲೆ ನೀರ ಹನಿ ಇಳಿಯುವುದನ್ನು ನೋಡಿ ಎಗೋನ್‌ನ ಕಣ್ಣು ತುಂಬಿತು. ಲೋಟ ತುಟಿಯ ತನಕ ಎತ್ತಿದ.

"ಇಲ್ಲಿ ಜಾಗ ಇದೆ, ಬನ್ರೀ ಎಲ್ಲಾ!" ಎಂದು ಮಾರ್ಗಾಳ ಧ್ವನಿ ಕೇಳಿಸಿತು. "ನಮ್ಮ ಸಂಘದ ನೆಲಮಾಳಿಗೆ ಬಿಸಿಲಿಗೆ ಕುಲುಮೆ ಆಗಿದೆ. ಚುನಾವಣೆ ಇಲ್ಲೇ ಮುಗಿಸೋಣ."

ಇಡೀ ಹುಳಿ ಸಂಘ ಅದೇ ಬೆಂಚಿಗೆ ಬಂದು ಕೂತಿತು. ಏಳು ಜನ ಎದ್ದು ದಾರಿ ಬಿಟ್ಟರೆ ಮಾತ್ರ ಎಗೋನ್ ಹೊರಗೆ ಹೋಗಬಹುದಿತ್ತು. ಮಾರ್ಗಾಳ ಕಣ್ಣು ಲೋಟದ ಮೇಲೆ ಬಿತ್ತು.

"ಅಯ್ಯೋ ಪಾಪ! ಎಲ್ಲಿಯವನೋ ಏನೋ, ಲೆಮನೇಡ್ ಕುಡೀತಿದ್ದಾನೆ ನೋಡಿ!"

"ಗೊತ್ತಿಲ್ದೇ ಮಾಡಿದ್ದು ಕಣಮ್ಮಾ. ಕಲಿಸೋದು ನಮ್ಮ ಧರ್ಮ," ಎಂದ ವ್ಯಾಲೆಂಟಿನ್.

ಮಾರ್ಗಾ ಆ ಲೋಟ ಕಿತ್ತುಕೊಂಡು ಹೂವಿನ ಕುಂಡಕ್ಕೆ ಸುರಿದಳು. ವ್ಯಾಲೆಂಟಿನ್ ಸಂಘದವರು ಜೊತೆಗೆ ತಂದಿದ್ದ ಕೂಜೆಯಿಂದ ಅಪ್ಪಟ ಹುಳಿ ಬಗ್ಗಿಸಿದ. ಎಗೋನ್ ಬೇರೇನೂ ತೋಚದೆ ಕುಡಿದ. ಎಂದಿನ ಅಭ್ಯಾಸ, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಎಲಾ ಇವನ! ಹೊರಗಿನೋರು ಮೊದಲ ಗುಟುಕಿಗೇ ಕೆಮ್ಮಿ ಸಾಯ್ತಾರೆ!"

ಮತ್ತೊಂದು ಕೊಟ್ಟರು, ಇನ್ನೊಂದು ಕೊಟ್ಟರು. ಎಗೋನ್ ಕಣ್ಣೀರು ನುಂಗುತ್ತ ಎಲ್ಲವನ್ನೂ ಕುಡಿದ. ಬೆಂಚೆಲ್ಲ ಚಪ್ಪಾಳೆ ಹೊಡೆಯಿತು.

"ಅದಿರ್ಲಿ, ಎಗೋನ್ ಎಲ್ಲಿ?" ಎಂದಳು ಮಾರ್ಗಾ.

"ಬಿಯರ್ ಅಂಗಡೀಲಿ ಸಿಕ್ಕಿದ್ದ. ಶೌಚಾಲಯಕ್ಕೆ ಬಂದೆ ಅಂದ, ಆದ್ರೆ ಒಂದು ತೊಟ್ಟೂ ಹೊಯ್ಯಲಿಲ್ಲ," ಎಂದ ವ್ಯಾಲೆಂಟಿನ್.

"ಹಾಂ! ಹಾಗಾದ್ರೆ ಬೆಳಿಗ್ಗೆ ನನ್ನ ಕಿವಿಗೆ ಬಿದ್ದಿದ್ದೂ ನಿಜವೇ. ಲೆಮನೇಡೇ ಕೇಳಿದ್ದು! ಥೂ, ಅಂಥೋನನ್ನ ಅಧ್ಯಕ್ಷ ಮಾಡ್ತಿದ್ವಲ್ಲ! ಅವನಿಗಿಂತ ಈ ಪರದೇಶಿ ಎಷ್ಟೋ ವಾಸಿ. ಇವನನ್ನೇ ಮಾಡಿಬಿಡೋಣ!"

ಬಿಸಿಲು ತಲೆಗೇರಿತ್ತು, ಹುಳಿಯೂ ಏರಿತ್ತು. ಎಲ್ಲರೂ ಹೋ ಎಂದರು. ನಾನೇ ಎಗೋನ್ ಎನ್ನಲು ಅವನು ಬಾಯಿ ತೆರೆದ. ಎದುರಿಗೇ ಅವನ ಲೆಮನೇಡ್ ಕುಡಿದ ಹೂವಿನ ಕುಂಡ, ಬೇರೆ ಸಾಕ್ಷಿಯೇ ಬೇಡ. ಬಾಯಿ ಮುಚ್ಚಿ "ನೋ, ನೋ" ಎಂದು ತಲೆಯಾಡಿಸಿದ.

"ನೋಡಿ, ಎಷ್ಟು ವಿನಯ!" ಎಂದು ವ್ಯಾಲೆಂಟಿನ್ ತಾನು ಹಾಕಿಕೊಂಡಿದ್ದ ಅಧ್ಯಕ್ಷರ ಸರವನ್ನು ಕಳಚಿ ಅವನ ಕೊರಳಿಗೆ ಹಾಕಿಯೇಬಿಟ್ಟ.

"ಇನ್ನು ಎಗೋನ್‌ನ ಸಂಘದಿಂದ ಹೊರಗೆ ಹಾಕ್ಬೇಕು. ಕೈಯೆತ್ತಿ!" ಎಂದಳು ಮಾರ್ಗಾ. ಹೊಸ ಅಧ್ಯಕ್ಷನಿಗೆ ಅರ್ಥವಾಗಲಿಲ್ಲವೆಂದು ಆಕೆಯೇ ಅವನ ಕೈಯನ್ನು ಹಿಡಿದೆತ್ತಿದಳು. ಒಂದು ಮತವೂ ವಿರುದ್ಧ ಬೀಳಲಿಲ್ಲ.

ಸುದ್ದಿಯನ್ನು ಮುಖದ ಮೇಲೆಯೇ ಹೇಳಬೇಕೆಂದು ಕೂಜೆಯ ಸಮೇತ ಮೆರವಣಿಗೆ ಎಗೋನ್‌ನ ಮನೆಗೇ ಹೊರಟಿತು. ಅವನ ಹೆಂಡತಿ ಗಿಸೆಲಾ ಬಾಗಿಲು ತೆರೆದಳು.

"ಅವರು ಬೆಳಿಗ್ಗೆ ಹೋದೋರು ಇನ್ನೂ ಬಂದಿಲ್ಲ," ಎಂದವಳು ಅಧ್ಯಕ್ಷನ ಕಡೆ ನೋಡಿದಳು. ಆ ಬೊಚ್ಚುಬಾಯಿಯನ್ನು ಅವಳು ದಿನಾ ಬೆಳಿಗ್ಗೆ ನೋಡುತ್ತಾಳೆ. ಸೆರಗಿನಂತೆ ಏಪ್ರನ್ನನ್ನು ಬಾಯಿಗೆ ಒತ್ತಿಕೊಂಡು ನಗು ತಡೆದಳು. "ಪಾಪ, ಇವರು ಬೆವೆತು ಹೋಗಿದ್ದಾರೆ. ಒಳಗೆ ತಣ್ಣಗಿನ ಲೆಮನೇಡ್ ಇದೆ, ತರ್ಲಾ?"

ಅಧ್ಯಕ್ಷನ ಕೈ ತಾನಾಗಿಯೇ ಮುಂದೆ ಹೋಯಿತು.

"ಛೀ ಛೀ, ಏನ್ರೀ ಇದು!" ಎಂದು ಸಂಘಕ್ಕೆ ಸಂಘವೇ ಕೂಗಿತು. "ನಮ್ಮ ಅಧ್ಯಕ್ಷರು ಅದನ್ನ ಮುಟ್ಟೋರಲ್ಲ!"

ವ್ಯಾಲೆಂಟಿನ್ ಆ ಚಾಚಿದ ಕೈಯಲ್ಲಿ ಹುಳಿಯ ಲೋಟವನ್ನಿಟ್ಟ.