ನಲ್ಲಿ ಕೇಳಿದ ದೆವ್ವ

ಓಟರ್ ಐಡಿ ಐತೆ, ರೇಷನ್ ಕಾರ್ಡೂ ಐತೆ, ಮಂಡಿನೋವಿಗೆ ಎಣ್ಣೆ ಹಚ್ಕೊತದೆ, ಆದರೆ ಬದುಕಿಲ್ಲ. ಏನದು? ಹೇಳಕ್ಕಾಗಲ್ಲ ಬುಡಿ. ಕರೇಗುಂಡ್ಲಹಳ್ಳಿ ಪಂಚಾಯಿತಿಯ ಠರಾವು ಓದದವರಿಗೆ ಗೊತ್ತಾಗುವಂಥದ್ದಲ್ಲ ಇದು.

ಚನ್ನರಾಯನದುರ್ಗದ ಬೆಟ್ಟದ ಬುಡಕ್ಕಿರುವ ಸದರಿ ಗ್ರಾಮದಲ್ಲಿ ರಾಮಾಂಜಿನಮ್ಮ ಎಂಬಾಕೆ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಮನೆಗೊಂದು ನಲ್ಲಿ ಬೇಕೆಂದು ನಾಲ್ಕು ವರ್ಷದಿಂದ ಅರ್ಜಿ ಕೊಡುತ್ತಿದ್ದಳು. ದಿನಾ ಆರು ಕೊಡ ನೀರು, ಅರ್ಧ ಮೈಲಿ ದಾರಿ, ಎರಡೇ ಮಂಡಿ. ಮಂಡಿಗಳು ಆಗಲೇ ರಾಜೀನಾಮೆ ಕೊಟ್ಟಿದ್ದವು.

ಅಂಥದ್ದರಲ್ಲಿ ಟೀವಿಯವರು ಬಂದರು. ಬೆಟ್ಟದ ಮೇಲಿನ ಕೋಟೆಯ ಶಾಪದ ಬಗ್ಗೆ ಸತ್ಯಘಟನೆ ಆಧಾರಿತ ಸಾಕ್ಷ್ಯಚಿತ್ರ ತೆಗೆಯಲು ಬಂದಿದ್ದ ನಿರ್ದೇಶಕ ಪ್ರಭುದೇವ್, ನಲವತ್ತು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟು, ಶಾಪ ಕೆಳಗಡೆಯೂ ಇದೆಯೆಂದು ತೀರ್ಮಾನಿಸಿ ಇಳಿದರು. ಆಗ ಮಧ್ಯಾಹ್ನ ಮೂರು ಗಂಟೆ. ಹಬ್ಬದ ಅಕ್ಕಿ ಬೀಸಿ ತಲೆಯಿಂದ ಹಿಮ್ಮಡಿವರೆಗೂ ಬೆಳ್ಳಗಾಗಿದ್ದ ರಾಮಾಂಜಿನಮ್ಮ, ಕೊಡ ಹಿಡಿದು ಕುಂಟುತ್ತ ಎದುರಾದಳು.

"ಸ್ವಲ್ಪ ನಿಧಾನಕ್ಕೆ ನಡೀರಿ ಅಮ್ಮ," ಅಂದರು ಪ್ರಭುದೇವ್.

"ಇದಕ್ಕಿಂತ ನಿಧಾನ ಅಂದ್ರೆ ಕೂತ್ಕಬೇಕು ಕಣಪ್ಪ. ನಂಗೆ ನಲ್ಲಿ ಇಲ್ಲ ಅಂತ ಟೀವೀಲಿ ತೋರಿಸ್ತೀರಾ?"

"ಪೂರ್ತಿ ತೋರಿಸ್ತೀವಿ."

ತೋರಿಸಿದರು. ಮಧ್ಯಾಹ್ನವನ್ನು ಅಮಾವಾಸ್ಯೆ ಮಾಡಿ, ಆಕೆಯ ಮಾತು ತೆಗೆದು ನರಿಯ ಕೂಗು ಹಾಕಿ, ಕೆಳಗೆ ಬರೆದರು: 'ಮುನ್ನೂರು ವರ್ಷದಿಂದ ಬಾಯಾರಿದ ಆತ್ಮ.'

ಮಾರನೇ ದಿನದಿಂದ ಕೊರಟಗೆರೆ, ಮಧುಗಿರಿ ಕಡೆಯ ಜನ ಆಕೆಯ ಮನೆ ಮುಂದೆ ಸೆಲ್ಫಿಗೆ ಸಾಲು ನಿಂತರು. ಪಂಚಾಯಿತಿ ತುರ್ತುಸಭೆ ಸೇರಿ, 'ಸದರಿ ಮನೆಯಲ್ಲಿ ದೆವ್ವ ವಾಸವಿರುವುದು ಟೀವಿಯಿಂದ ದೃಢಪಟ್ಟಿರುವ ಕಾರಣ, ಅಲ್ಲಿನ ಮನುಷ್ಯವಾಸವನ್ನು ದಾಖಲೆಯಿಂದ ಕೈಬಿಡಲಾಗಿದೆ' ಎಂದು ಠರಾವು ಮಾಡಿತು. ಬಾಗಿಲಿಗೊಂದು ಬೋರ್ಡೂ ಬಂತು: 'ದೆವ್ವಕ್ಕೆ ಕಲ್ಲು ಹೊಡೆಯಬಾರದು. ಕಚೇರಿ ವೇಳೆಯಲ್ಲಿ ಮಾತ್ರ ಹೆದರತಕ್ಕದ್ದು.'

ರಾಮಾಂಜಿನಮ್ಮ ಹೋಗಿ ಪಿಡಿಓ ನಂದೀಶ್ವರಯ್ಯನವರ ಮೇಜಿನ ಮುಂದೆ ನಿಂತಳು.

"ಸ್ವಾಮಿ, ನನ್ನ ನಲ್ಲಿ ಅರ್ಜಿ ಏನಾಯ್ತು?"

"ವಜಾ ಆಗೈತಮ್ಮ. ಆ ಮನೇಲಿ ಮನುಷ್ಯರಿಲ್ಲ."

"ನಾನಿದೀನಲ್ಲ?"

"ಟೀವೀಲಿ ಬಂದಿದ್ದು ಯಾರು?"

"ನಾನೇಯ."

"ಅಂಗಾದ್ರೆ ನೀನೇ ದೆವ್ವ ಅಂತ ನಿನ್ನ ಬಾಯಲ್ಲೇ ಒಪ್ಕಂಡಂಗಾಯ್ತು. ಬರ್ಕೊಳ್ಳಲಾ?"

ಆಕೆ ಸ್ವಲ್ಪ ಹೊತ್ತು ಮಂಡಿ ನೀವಿಕೊಂಡಳು. "ಬರ್ಕೊಳ್ಳಿ. ದೆವ್ವಕ್ಕಾದ್ರೂ ನಲ್ಲಿ ಕೊಡ್ತೀರಾ?"

ನಂದೀಶ್ವರಯ್ಯ ಕಡತ ತಿರುವಿದರು. ಮನುಷ್ಯರ ಮನೆ ನಲ್ಲಿಗೆ ಅನುದಾನ ಮುಗಿದಿತ್ತು. ಪ್ರವಾಸಿ ಆಕರ್ಷಣೆಗಳ ಮೂಲಸೌಕರ್ಯದ್ದು ಹಾಗೇ ಉಳಿದಿತ್ತು.

"ಕೊಡಬೌದು. ಆದ್ರೆ ಅರ್ಜಿದಾರರು ಹಿಟ್ಟು ಬಳ್ಕಂಡಿರೋ ಎರಡು ಫೋಟೋ ಲಗತ್ತಿಸಬೇಕು. ಕಿವಿ ಕಾಣಬೇಕು."

ಲಗತ್ತಿಸಿದಳು. ಒಂದೇ ವಾರದಲ್ಲಿ ಪೈಪು ಬಂತು, ನಲ್ಲಿ ಬಂತು, ಪ್ರಭುದೇವ್ ಅವರೇ ಬಂದು ಟೇಪು ಕತ್ತರಿಸಿದರು. ದೆವ್ವ ಕೈಮುಗಿದು ಮೊದಲ ಕೊಡ ಹಿಡಿಯಿತು. ಊರು ಚಪ್ಪಾಳೆ ತಟ್ಟಿತು.

ಈ ಕೊನೆ ಮಾತ್ರ ನಾನೇ ಕಟ್ಟಿದ್ದು, ಬೇಜಾರು ಮಾಡ್ಕೋಬೇಡಿ. ಫೋಟೋ ಲಗತ್ತಿಸಿದಳು ಅನ್ನೋ ತನಕ ನಿಜ. ಅರ್ಜಿ ಮೇಲಿನ ಆಫೀಸಿಗೆ ಹೋಗಿ, ದೆವ್ವ ದಿನಕ್ಕೆ ಎಷ್ಟು ಲೀಟರ್ ಕುಡಿಯುತ್ತದೆಂದು ಸ್ಪಷ್ಟೀಕರಣ ಕೋರಿ ವಾಪಸ್ ಬಂದಿದೆ. ರಾಮಾಂಜಿನಮ್ಮ ಮೈಮೇಲಿನ ಹಿಟ್ಟು ಒರೆಸಿಕೊಳ್ಳದೆ ಕೂತು ಉತ್ತರ ಬರೆಸುತ್ತಿದ್ದಾಳೆ.