ಪರದೆಯ ಮೇಲೆ ಎಲ್ಲ ಹಸಿರು

ಸರ್ವರ್ ಕೆಟ್ಟರೆ ರಿಪೇರಿ ಮಾಡಬಹುದು. ಅದರ ಸುತ್ತ ಕೂತವರನ್ನು ರಿಪೇರಿ ಮಾಡುವ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ. ಅದಕ್ಕೇ ಇಂಥವೆಲ್ಲ ನನ್ನ ಪಾಲಿಗೆ ಬರುತ್ತಲೇ ಇರುತ್ತವೆ.

ಬಳ್ಳಾರಿ ಕಂಟೋನ್ಮೆಂಟ್‌ನ ಒಂದು ಬೀಜದ ಕಂಪನಿಯಲ್ಲಿ ಕಾಂಟ್ರ್ಯಾಕ್ಟ್ ಮೇಲಿದ್ದೆ. ಸಿರುಗುಪ್ಪ, ಕುರುಗೋಡು ಶಾಖೆಗಳ ಸರ್ವರ್‌ಗಳಲ್ಲಿ ಎಸ್‌ಎನ್‌ಎಂಪಿ ಎಂಬುದನ್ನು ಚಾಲೂ ಮಾಡಬೇಕಿತ್ತು. ಅದು ಸರ್ವರಿನ ಕ್ಷೇಮಸಮಾಚಾರವನ್ನು ಬಳ್ಳಾರಿಗೆ ತಿಳಿಸುತ್ತಿರುತ್ತದೆ. ಚೆನ್ನಾಗಿದ್ದರೆ ನಮ್ಮ ಪರದೆಯಲ್ಲಿ ಹಸಿರು, ಇಲ್ಲದಿದ್ದರೆ ಕೆಂಪು. ಇದು ಸರಿಹೋದರೆ ಕೆಲಸ ಕಾಯಂ ಎಂದಿದ್ದರು ನಮ್ಮ ಸಾಹೇಬರು. ನನ್ನ ಹೆಂಡತಿ ಆಗಲೇ ಓಣಿಗೆಲ್ಲ ಹೇಳಿಬಿಟ್ಟಿದ್ದಳು.

ಸಿರುಗುಪ್ಪದ ಊಟದ ಹೊತ್ತು

ಸಿರುಗುಪ್ಪದಲ್ಲಿ ಎಲ್ಲ ಸೆಟ್ಟಿಂಗ್ ಮಾಡಿ ಬಂದೆ. ಮರುದಿನ ಮಧ್ಯಾಹ್ನ ಕೆಂಪು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಹಸಿರು. ದಿನವೂ ಇದೇ ಕಥೆ. ಸೆಟ್ಟಿಂಗ್ ಎಲ್ಲ ಅಳಿಸಿ ಮತ್ತೆ ಹಾಕಿದೆ, ದೇವರಿಗೆ ಹರಕೆಯನ್ನೂ ಹೊತ್ತೆ. ಕಡೆಗೆ ಬಸ್ ಹತ್ತಿ ಹೋಗಿ ಅಲ್ಲೇ ಕೂತೆ. ಊಟಕ್ಕೆ ಹೊರಟ ಹಿರಿಯ ಗುಮಾಸ್ತರು ಫ್ಯಾನು, ಲೈಟು ಆರಿಸಿ, ಹಾಗೇ ಸರ್ವರಿನ ಸ್ವಿಚ್ಚನ್ನೂ ಆರಿಸಿದರು.

"ಅದನ್ಯಾಕ್ರೀ ಆರಿಸ್ತೀರಿ?" ಅಂದೆ.

"ನಾವ್ಯಾರೂ ಇಲ್ಲದಾಗ ಅದೊಂದ ಕುಂತು ಏನ್ ಮಾಡತೈತ್ರೀ? ಅದಕ್ಕೂ ಒಂದೀಟು ವಿಶ್ರಾಂತಿ ಬೇಕಲ್ಲ."

ಆ ವಾರ ಸರ್ವರ್ ಬಿಟ್ಟರೆ ಬೇರೆ ಯಾರಿಗೂ ವಿಶ್ರಾಂತಿ ಸಿಕ್ಕಿರಲಿಲ್ಲ.

ಕುರುಗೋಡಿನವರ ಹೆಸರು

ತೊಂದರೆಯಾದರೆ ಯಾರಿಗೆ ಮೆಸೇಜು ಹೋಗಬೇಕು ಎಂದು ಸೆಟ್ಟಿಂಗ್‌ನಲ್ಲಿ ಒಬ್ಬರ ಹೆಸರು, ನಂಬರು ಹಾಕಬೇಕು. ಕುರುಗೋಡಿನಲ್ಲಿ ಕೇಳಿದೆ.

"ನಂದು ಬ್ಯಾಡ್ರೀ, ನಾಳೆ ಏನರ ಆದ್ರ ನನ್ನ ಕೊರಳಿಗೆ ಬೀಳತೈತಿ," ಎಂದರು ಶಾಖೆಯ ಮ್ಯಾನೇಜರು.

"ಅವ್ರೇ ಒಲ್ಲೆ ಅಂದಮ್ಯಾಲೆ ನಾನ್ಯಾಕ್ರೀ?" ಎಂದರು ಕ್ಯಾಷಿಯರು.

ಎಲ್ಲರೂ ಸೇರಿ, ನಿವೃತ್ತರಾಗಿ ಬಾದನಹಟ್ಟಿಯಲ್ಲಿ ಮೆಣಸಿನಕಾಯಿ ಹೊಲ ನೋಡಿಕೊಂಡಿದ್ದ ಹಳೆಯ ಮ್ಯಾನೇಜರರ ಹೆಸರು ಹಾಕಿಸಿದರು. "ಅವ್ರಿಗೆ ಯಾರೂ ಮೆಮೊ ಕೊಡಾಕ ಬರಂಗಿಲ್ರೀ."

ಅಂದಿನಿಂದ ಸರ್ವರ್ ಬಿಸಿಯಾದಾಗಲೆಲ್ಲ ಮೆಸೇಜು ಹೊಲಕ್ಕೆ ಹೋಗುತ್ತಿತ್ತು, ಹೊಲದಿಂದ ನನಗೆ ಫೋನು. ನನಗೇ ನಾಚಿಕೆಯಾಗಿ, "ನಿಮ್ಮ ನಂಬರ್ ತೆಗೀತೀನ್ರೀ" ಅಂದೆ.

"ಇರ್ಲಿ ಬಿಡಪಾ. ರಿಟೈರ್ ಆದಮ್ಯಾಲೆ ಆಫೀಸಿಂದ ನನ್ನ ನೆನಸೋದು ಅದೊಂದ."

ಧಣಿಗಳು ಬಂದರು

ಕಂಪನಿಯ ಮಾಲೀಕರು ಪರದೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಬಿಸಿಲಿಗೆ ಸರ್ವರ್‌ಗಳು ಕಾದು ಪರದೆಯಲ್ಲಿ ಎರಡೂ ಶಾಖೆ ಕೆಂಪಾಗಿದ್ದವು. ಸಾಹೇಬರು ನನ್ನ ಕುರ್ಚಿಯ ಹಿಂದೆ ನಿಂತರು.

"ಧಣಿಗಳು ಇದನ್ನ ನೋಡಿದ್ರ ನನ್ನ ಕಥಿ ಮುಗೀತು. ಸೆಟ್ಟಿಂಗ್‌ದಾಗ ಕೆಂಪು ತೆಗೀರಿ."

"ಸರ್, ಕೆಂಪು ತೆಗೆದ್ರ ಕೆಟ್ಟಿದ್ದು ಗೊತ್ತಾಗಂಗಿಲ್ಲ."

"ಕಾಯಂ ಆಗೋದು ಬೇಕೋ ಬ್ಯಾಡೋ?"

ಬೇಕಾಗಿತ್ತು. ಸರ್ವರ್ ಬಿಸಿಯಾದರೂ, ಉತ್ತರವನ್ನೇ ಕೊಡದಿದ್ದರೂ ಹಸಿರೇ ತೋರಿಸುವಂತೆ ಮಾಡಿದೆ.

ಮಾಲೀಕರು ಬಂದಾಗ ಎರಡೂ ಊರಲ್ಲಿ ಕರೆಂಟ್ ಹೋಗಿ ಸರ್ವರ್‌ಗಳು ಸತ್ತಂತೆ ಬಿದ್ದಿದ್ದವು. ಪರದೆ ಮಾತ್ರ ಹಸಿರು.

"ಯಾವಾಗ್ಲೂ ಹಿಂಗ ಇರತೈತೇನ್ರೀ?" ಎಂದು ಕೇಳಿದರು.

"ಒಂದ್ ದಿನಾನೂ ಕೆಟ್ಟಿಲ್ಲ, ಧಣಿ," ಎಂದರು ಸಾಹೇಬರು.

ಮಾಲೀಕರು ನನ್ನ ಬೆನ್ನು ತಟ್ಟಿದರು. ಹೆಂಡತಿಗೆ ಫೋನ್ ಮಾಡೋಣವೆಂದು ನನ್ನ ಕೈ ಆಗಲೇ ಜೇಬಿಗೆ ಹೋಗಿತ್ತು.

"ಬಾಳ ಚಲೋ ಕೆಲಸ ಮಾಡೀಯಪ್ಪ," ಎಂದವರು ಸಾಹೇಬರತ್ತ ತಿರುಗಿದರು. "ಏನೂ ಕೆಡಂಗಿಲ್ಲ ಅಂದಮ್ಯಾಲೆ ನೋಡ್ಕೊಳ್ಳಾಕ ಒಬ್ರು ಯಾಕ ಬೇಕ್ರೀ? ಈ ತಿಂಗಳ ಕೊನೀಗೆ ಇವ್ರನ್ನ ಕೆಲಸದಿಂದ ಬಿಡಿಸಿಬಿಡ್ರಿ."