ಮಷೀನಿಗೆ ಸುತ್ತಿದ ರುಮಾಲು

ಹೆಂಗಸಾಗಿ ಹುಟ್ಟಿದ ಮೇಲೆ ಏನನ್ನಾದರೂ ತಿರುವುತ್ತಲೇ ಇರಬೇಕು. ನಸುಕಿನಲ್ಲಿ ಬೀಸುಕಲ್ಲು ತಿರುವಬೇಕು, ಒರಳಿನಲ್ಲಿ ಗುಂಡು ತಿರುವಬೇಕು, ಒಲೆಯ ಮೇಲೆ ಝುಣಕ ತಿರುವಬೇಕು, ಸಮಯ ಬಂದರೆ ಆಡಿದ ಮಾತನ್ನೂ ತಿರುವಬೇಕು. ಇದನ್ನೆಲ್ಲ ತಿರುವಿದ್ದಕ್ಕೆ ನನಗೆ ಯಾರೂ ಏನೂ ಅಂದವರಲ್ಲ. ಬದಲಿಗೆ ನರಗುಂದದ ನಮ್ಮ ಓಣಿಯಲ್ಲಿ ಕೆಲಸಗಾತಿ ಎಂಬ ಹೆಸರು ಬಂದಿತ್ತು. ಆದರೆ ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದು ತಗಡು ಬಗ್ಗಿಸುವ ಮಷೀನಿನ ಹಿಡಿಕೆ ತಿರುವಿದೆ ನೋಡಿ, ಅಲ್ಲಿಗೆ ನಾನು ಕೂಲಿಯವಳಾದೆ. ಬೀಸುಕಲ್ಲಿಗೂ ಹಿಡಿಕೆ ಇದೆ, ಮಷೀನಿಗೂ ಹಿಡಿಕೆ ಇದೆ. ಒಂದು ಮಲಗಿ ತಿರುಗುತ್ತದೆ, ಇನ್ನೊಂದು ನಿಂತು ತಿರುಗುತ್ತದೆ. ಮಲಗಿ ತಿರುಗಿದರೆ ಉಳಿಯುವ ಮಾನ ನಿಂತು ತಿರುಗಿದರೆ ಹೋಗುತ್ತದೆ ಎಂದು ಮದುವೆಗೆ ಮುಂಚೆ ಯಾರಾದರೂ ಹೇಳಬೇಕಾಗಿತ್ತು.

ನಮ್ಮ ಮನೆಯವರದು ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ತಗಡಿನ ಅಂಗಡಿ. ಬಕೀಟು, ಡಬ್ಬಿ, ಜೋಳ ತುಂಬುವ ಪೀಪಾಯಿ, ಮಾಳಿಗೆಯ ಮಳೆನೀರು ಹೊರಗೆ ಬೀಳಲು ಹರನಾಳಿಗೆ, ಹೀಗೆ ದುಂಡಗಿರುವುದೆಲ್ಲ ಅಲ್ಲಿ ಆಗುತ್ತಿತ್ತು. ಮೊದಮೊದಲು ತಗಡನ್ನು ಒಂದು ದಪ್ಪ ಕೊಳವೆಯ ಮೇಲಿಟ್ಟು ಕಟ್ಟಿಗೆಯ ಕೊಡತಿಯಿಂದ ಬಡಿಬಡಿದೇ ದುಂಡು ಮಾಡುತ್ತಿದ್ದರು. ನಮ್ಮ ಊರು ಮಗ್ಗದ ಊರು. ಇಡೀ ದಿನ ಲಟಕ್ ಪಟಕ್ ಅನ್ನುವ ಸಪ್ಪಳದಲ್ಲೇ ಬದುಕುವ ಜನ. ಅಂಥ ನೇಕಾರರೇ ಬಂದು ತುಸು ಸಾವಕಾಶ ಬಡೀರಿ ಎಂದು ಕೈಮುಗಿಯುತ್ತಿದ್ದರು. ಕೊನೆಗೆ ಇವರು ಹುಬ್ಬಳ್ಳಿಯಲ್ಲಿ ಒಂದು ಹಳೆಯ ಮಷೀನು ಕಂಡು ಮನಸೋತು, ಚಕ್ಕಡಿಯಲ್ಲಿ ಹೇರಿಸಿ ತಂದರು. ಮಂಚದಷ್ಟು ಉದ್ದವಿದ್ದ ಅದು ಅಂಗಡಿಯಲ್ಲಿ ಹಿಡಿಸದೆ ಮನೆಯ ಪಡಸಾಲೆಗೆ ಬಂತು. ಮೈತುಂಬ ಕಬ್ಬಿಣ, ನಡುವೆ ಮೂರು ಉದ್ದನೆಯ ರೋಲು, ಒಂದು ತುದಿಗೆ ಹಲ್ಲಿನ ಗಾಲಿ, ಅದಕ್ಕೊಂದು ಹಿಡಿಕೆ. ನಮ್ಮತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ, ಮಗ ಮೂರು ಲಟ್ಟಣಿಗೆ ತಂದಿದ್ದಾನೆ, ಚಪಾತಿ ಹಿಟ್ಟು ಕಲಸುವವರು ಯಾರು ಎಂದು ಕೇಳಿ ಒಳಗೆ ಹೋದರು.

ಮಷೀನಿನ ಗುಟ್ಟು ಬಹಳ ಸರಳ. ಒಂದರ ಮೇಲೊಂದಿರುವ ಮುಂದಿನ ಎರಡು ರೋಲು ತಗಡನ್ನು ಕಚ್ಚಿ ಒಳಗೆ ಎಳೆದುಕೊಳ್ಳುತ್ತವೆ, ಹಿಂದಿನದು ಅಡ್ಡ ನಿಂತು ಅದನ್ನು ಮೇಲಕ್ಕೆ ಬಗ್ಗಿಸುತ್ತದೆ. ಹಿಂದಿನ ರೋಲನ್ನು ಏರಿಸಿದಷ್ಟೂ ಸುತ್ತು ಸಣ್ಣದು. ಏರಿಸುವಾಗ ಎರಡೂ ತುದಿ ಸಮ ಇರಬೇಕು. ಒಂದು ತುದಿ ಮೇಲಾದರೆ ಬಕೀಟು ಹೋಗಿ ಲಾಳಿಕೆಯಾಗುತ್ತದೆ. ಮೊದಲ ವಾರ ನಮ್ಮಲ್ಲಿ ಎಷ್ಟು ಲಾಳಿಕೆಗಳಾದವೆಂದರೆ ಗಜೇಂದ್ರಗಡದ ಒಬ್ಬ ಎಣ್ಣೆ ವ್ಯಾಪಾರಿಯೂ ಎಣ್ಣೆ ಚೆಲ್ಲಿತೆಂದು ನೆಪ ಹೇಳುವ ಹಾಗಿರಲಿಲ್ಲ. ಇನ್ನೊಂದು ಸಂಗತಿ ಇವರು ನನಗೆ ಮೇಲಿಂದ ಮೇಲೆ ಹೇಳುತ್ತಿದ್ದರು. ತಗಡಿಗೆ ಹಟ ಜಾಸ್ತಿ. ರೋಲಿನಿಂದ ಹೊರಬಿದ್ದ ಕೂಡಲೇ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಬೇಕಾದದ್ದಕ್ಕಿಂತ ಒಂದಿಷ್ಟು ಹೆಚ್ಚೇ ಬಗ್ಗಿಸಬೇಕು. ಈ ಮಾತನ್ನು ಅವರು ತಗಡಿನ ಬಗ್ಗೆಯೇ ಹೇಳುತ್ತಿದ್ದಾರೋ ನನ್ನ ಬಗ್ಗೆಯೋ ಎಂದು ನನಗೆ ಆಗಾಗ ಅನುಮಾನ ಬರುತ್ತಿತ್ತು.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ತಗಡು ಹಿಡಿದು ಸೊಟ್ಟಾಗದಂತೆ ಒಳಗೆ ಬಿಡಬೇಕು, ಇನ್ನೊಬ್ಬರು ಹಿಡಿಕೆ ತಿರುವಬೇಕು. ಇದ್ದ ಒಬ್ಬ ಆಳು ಹತ್ತಿ ಜಿನ್ನಿಂಗ್ ಮಿಲ್ಲಿಗೆ ಹೋಗಿಬಿಟ್ಟ. ಒಂದು ದಿನ ಇವರು ಒಬ್ಬರೇ ಒದ್ದಾಡುವುದನ್ನು ನೋಡಲಾಗದೆ ನಾನು ಸೆರಗು ಸಿಕ್ಕಿಸಿ ಹಿಡಿಕೆ ಹಿಡಿದೆ. ಏನೆಂದು ಹೇಳಲಿ, ನನಗದು ಬಹಳ ಸೇರಿತು. ಬೀಸುಕಲ್ಲಿನಲ್ಲಿ ಜೋಳ ಹಾಕಿದರೆ ಹಿಟ್ಟು ಬರುತ್ತದೆ, ಹಿಟ್ಟು ರೊಟ್ಟಿಯಾಗುತ್ತದೆ, ರೊಟ್ಟಿ ಸಂಜೆಗೆ ತೀರುತ್ತದೆ, ಮತ್ತೆ ನಸುಕಿಗೆ ಕಲ್ಲಿನ ಮುಂದೆ ಕೂಡಬೇಕು. ಇಲ್ಲಿ ಹಾಗಲ್ಲ. ಚಪ್ಪಟೆ ತಗಡು ಆ ಕಡೆ ಹೋಗಿ ಈ ಕಡೆ ದುಂಡಗೆ ಏಳುತ್ತದೆ, ಯಾರೂ ಅದನ್ನು ತಿಂದು ಮುಗಿಸುವುದಿಲ್ಲ. ಬಾವಿಕಟ್ಟೆಗೆ ಹೋದರೆ ನಾಲ್ಕು ಬಕೀಟಿನಲ್ಲಿ ಎರಡು ನಾನು ತಿರುವಿದವೇ ಇರುತ್ತಿದ್ದವು. ಹೇಳಿಕೊಳ್ಳುವಂತಿಲ್ಲ, ಸುಮ್ಮನಿರಲೂ ಆಗುವುದಿಲ್ಲ. ಇದರ ಮೇಲೆ ಇನ್ನೊಂದು ಚಟ ಹತ್ತಿತು. ಅಗಸರು ಬಟ್ಟೆ ಒಯ್ದರೆ ವಾರಗಟ್ಟಲೆ ತರುತ್ತಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ರೋಲಿಗೆ ಜೋಳದ ತೌಡು ಹಾಕಿ ಎಣ್ಣೆ ಜಿಡ್ಡು ಒರೆಸಿ, ಒಗೆದ ಸೀರೆಯನ್ನು ಮಡಿಚಿ ಒಳಗೆ ಬಿಡುತ್ತಿದ್ದೆ. ಆಚೆ ಕಡೆ ಅದು ಎಲೆಯಂತೆ ನುಣ್ಣಗಾಗಿ ಬರುತ್ತಿತ್ತು. ನನ್ನ ಸೀರೆ ಸದಾ ಇಸ್ತ್ರಿಯಲ್ಲಿರುವುದು ಹೇಗೆಂದು ಓಣಿಯ ಹೆಂಗಸರಿಗೆ ತಲೆನೋವಾಗಿತ್ತು.

ನಾನು ಹಿಡಿಕೆ ತಿರುವುವ ಗುಟ್ಟು ಸೀರೆಯಿಂದ ರಟ್ಟಾಗಲಿಲ್ಲ, ಅಂಗೈಯಿಂದ ರಟ್ಟಾಯಿತು. ಹೊಳೆಮಣ್ಣೂರಿನ ಬಳೆಗಾರ್ತಿಯೊಬ್ಬಳು ಊರೂರು ತಿರುಗುತ್ತ ನಮ್ಮ ಮನೆಗೂ ಬರುತ್ತಿದ್ದಳು, ನನ್ನ ತವರಿಗೂ ಹೋಗುತ್ತಿದ್ದಳು. ಬಳೆ ಏರಿಸಲು ನನ್ನ ಕೈ ಹಿಡಿದವಳು ಅಂಗೈಯಲ್ಲಿ ಗಟ್ಟಿಯಾದ ಗಂಟು ಸಿಕ್ಕ ಕೂಡಲೇ ಪಡಸಾಲೆಯ ಮಷೀನು ನೋಡಿದಳು, ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ಕೇಳದೆ ಹೋದ ಹೆಂಗಸನ್ನು ನಂಬಬಾರದು. ಆಕೆ ನರಗುಂದದಲ್ಲಿ ನಮ್ಮ ಅವ್ವನ ಮುಂದೆ ಬಾಯಿಬಿಟ್ಟಳು, ಅವ್ವ ಅಪ್ಪನ ಮುಂದೆ ಬಾಯಿಬಿಟ್ಟಳು. ಅಪ್ಪನದು ಪೇಟೆಯಲ್ಲಿ ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿ. ಬಗ್ಗುವುದೆಂದರೆ ಅವನಿಗೆ ದೇವರ ಮುಂದೆ ಮಾತ್ರ. ಅಲ್ಲಿಯೂ ತಲೆಗೆ ಸುತ್ತಿದ ರುಮಾಲು ಜಾರೀತೆಂದು ಅರ್ಧಕ್ಕೇ ನಿಲ್ಲಿಸುತ್ತಿದ್ದ. ಆ ಬಿಳಿ ರುಮಾಲು ಇಲ್ಲದೆ ಅವನು ಅಂಗಳಕ್ಕೂ ಇಳಿದವನಲ್ಲ. ತಗಡಿನವರ ಮನೆಗೆ ಹೆಣ್ಣು ಕೊಟ್ಟೆನಲ್ಲ ಎಂಬ ಸಣ್ಣ ಮುಳ್ಳು ಮೊದಲೇ ಅವನ ಮನಸ್ಸಿನಲ್ಲಿತ್ತು. ಈಗ ಅದು ಕಾಲಿಗೇ ಚುಚ್ಚಿತು.

ಯುಗಾದಿ ಕಳೆದ ಬಿಸಿಲಿನಲ್ಲಿ ಅಪ್ಪ ಬಂದ. ನಾವು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ರಾಜ್ಯ ಬದಲಾದರೂ ರೋಣದ ರಸ್ತೆಯ ಧೂಳು ಬದಲಾಗಿರಲಿಲ್ಲ. ಬಸ್ಸಿನಿಂದ ಇಳಿದವನ ರುಮಾಲು ಹೆಂಟೆಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಾಲಿಗೆ ನೀರು ಕೊಟ್ಟ ಅತ್ತೆಗೆ ಅವನು ನಿಂತಲ್ಲೇ ಹೇಳಿದ.

"ಅಕ್ಕಾರ, ನಾ ಏನ ಕೇಳೇನೋ ಅದು ಖರೇ ಇರಬಾರದು. ನನ್ನ ಮಗಳು ಆ ಹಿಡಿಕಿ ತಿರುವೂದು ನನ್ನ ಕಣ್ಣಿಗೆ ಬಿತ್ತಂದ್ರ ಸಂಜಿ ಬಸ್ಸಿಗೆ ಕರಕೊಂಡು ಹೋಗಾಂವ. ಅಳಿಯಂದ್ರು ಆಳು ಹಚ್ಚಿಕೊಂಡ ಮ್ಯಾಲೆ ಬಂದು ಕರಕೊಂಡು ಬರಲಿ."

ಆಳು ಹಚ್ಚುವ ಶಕ್ತಿ ಆಗ ನಮಗಿರಲಿಲ್ಲ. ಅಂದರೆ ನಾನು ಎಷ್ಟು ದಿನ ತವರಿನಲ್ಲಿ ಕೂಡಬೇಕೋ ಹೇಳುವವರಿಲ್ಲ. ಇವರನ್ನು ಬಿಟ್ಟಿರಬೇಕಲ್ಲ ಎಂದು ಅಳು ಬಂತು. ಹಿಡಿಕೆಯನ್ನು ಬಿಟ್ಟಿರಬೇಕಲ್ಲ ಎಂದೂ ಬಂತು. ಯಾವುದಕ್ಕೆ ಹೆಚ್ಚು ಬಂತೆಂದು ದಯವಿಟ್ಟು ಕೇಳಬೇಡಿ. ಅತ್ತೆ ಬಹಳ ಶಾಂತವಾಗಿ, ನಮ್ಮ ಸೊಸೆಗೆ ಅಡುಗೆಮನೆಯಿಂದ ಹೊರಗೆ ಬರಲು ಪುರುಸೊತ್ತಾದರೂ ಎಲ್ಲಿದೆ ಎಂದರು. ಅಪ್ಪ ಮಷೀನಿನ ಕಡೆಗೊಮ್ಮೆ ಕೆಕ್ಕರಿಸಿ ನೋಡಿ, ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, ಸ್ನಾನ ಮಾಡಿ, ಉಂಡು, ಒಳಗಿನ ಕೋಣೆಯಲ್ಲಿ ಅಡ್ಡಾದ. ಸಂಜೆಯವರೆಗೆ ನಾನು ಸುಮ್ಮನೆ ಕೂತಿದ್ದರೆ ಸಾಕಾಗಿತ್ತು.

ಸುಮ್ಮನೆ ಕೂಡುವುದೇ ನನ್ನ ಜಾತಕದಲ್ಲಿಲ್ಲ. ಗೂಟದ ಮೇಲಿನ ಆ ಕೊಳಕು ರುಮಾಲು ಕಣ್ಣಿಗೆ ಚುಚ್ಚತೊಡಗಿತು. ಒಗೆದೆ. ಮಾಳಿಗೆಯ ಮೇಲೆ ಹರವಿದೆ. ಆ ಬಿಸಿಲಿಗೆ ನೋಡನೋಡುವುದರಲ್ಲಿ ಒಣಗಿತು, ಒಣಗಿದ ಮೇಲೆ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಮುದುಡಿಕೊಂಡಿತು. ಹೀಗೆ ಕೊಟ್ಟರೆ ಅಪ್ಪ ತಲೆಗೆ ಸುತ್ತಿಕೊಂಡು ಪೇಟೆ ದಾಟುವುದು ಹೇಗೆ? ಇವರು ತಗಡು ತರಲು ಹೋಗಿದ್ದರು. ಅತ್ತೆ ಹಿತ್ತಿಲಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಕೋಣೆಯಿಂದ ಗೊರಕೆ ಸರಿಯಾಗಿ ಬರುತ್ತಿತ್ತು. ನಾನು ರೋಲಿಗೆ ತೌಡು ಹಚ್ಚಿ ಒರೆಸಿ, ರುಮಾಲನ್ನು ಉದ್ದಕ್ಕೆ ಮಡಿಚಿ ತುದಿಯನ್ನು ಒಳಗೆ ಕೊಟ್ಟೆ.

ಸಪ್ಪಳವಾಗಬಾರದೆಂದು ಬಹಳ ಸಾವಕಾಶ ತಿರುವಿದೆ. ಕಿವಿ ಗೊರಕೆಯ ಮೇಲೆ, ಕಣ್ಣು ಹಿತ್ತಿಲ ಬಾಗಿಲ ಮೇಲೆ. ಅರ್ಧ ರುಮಾಲು ಒಳಗೆ ಹೋಯಿತು. ಇಷ್ಟು ಹೊತ್ತಿಗೆ ಆಚೆ ಕಡೆ ಬಂದಿರಬೇಕೆಂದು ಬಗ್ಗಿ ನೋಡಿದರೆ ಏನೂ ಬಂದಿರಲಿಲ್ಲ. ಸೀರೆಯ ಹಾಗೆ ಮುಂದಕ್ಕೆ ಹೋಗದೆ ಅದು ಮೇಲಿನ ರೋಲಿಗೆ ಸುತ್ತಿಕೊಳ್ಳುತ್ತ ಕೂತಿತ್ತು. ಸುತ್ತಿಕೊಳ್ಳುವುದೇ ಅದರ ಹುಟ್ಟುಗುಣ, ಅದಕ್ಕೇನು ಗೊತ್ತು ತಲೆ ಯಾವುದು ರೋಲು ಯಾವುದು ಎಂದು. ಗಾಬರಿಯಾಗಿ ಹಿಡಿಕೆಯನ್ನು ಹಿಂದಕ್ಕೆ ತಿರುವಿದೆ. ರುಮಾಲಿನ ಒಂದು ತುದಿ ಜಾರಿ ಹಲ್ಲಿನ ಗಾಲಿಗೆ ಸಿಕ್ಕಿತು. ಕರ್ ಎಂದು ಸಪ್ಪಳವಾಯಿತು. ಗೊರಕೆ ನಿಂತಿತು.

ಅಪ್ಪ ಪಡಸಾಲೆಗೆ ಬಂದ. ನನ್ನ ಎರಡೂ ಕೈ ಹಿಡಿಕೆಯ ಮೇಲಿದ್ದವು, ಮೂಗಿಗೆ ಕರಿ ಜಿಡ್ಡು ಹತ್ತಿತ್ತು, ಮಷೀನು ಅಪ್ಪನ ರುಮಾಲು ಸುತ್ತಿಕೊಂಡು ಪಂಚಾಯತಿ ಯಜಮಾನನ ಹಾಗೆ ಕೂತಿತ್ತು. ಅಪ್ಪ ಬಾಯಿ ತೆರೆದ. ತೆರೆದವನಿಗೆ ತನ್ನ ತಲೆ ಬೋಳಾಗಿರುವುದು ನೆನಪಾಯಿತು. ಒಂದು ಕೈ ತಾನಾಗಿ ತಲೆಯ ಮೇಲೆ ಹೋಯಿತು. ಬೈಯುವುದಕ್ಕೂ ಒಂದು ಉಡುಪು ಬೇಕೆಂದು ನನಗೆ ಅವತ್ತೇ ತಿಳಿದದ್ದು. ತಲೆಯ ಮೇಲೆ ಕೈಯಿಟ್ಟುಕೊಂಡವನು ಯಾರನ್ನು ಎಷ್ಟು ಬೈದಾನು? ಸಪ್ಪಳ ಕೇಳಿ ಅತ್ತೆಯೂ ಬಂದರು. ಒಂದು ಸಲ ನೋಡಿದರು. ಸೀದಾ ದೇವರ ಜಗಲಿಗೆ ಹೋಗಿ ಕುಂಕುಮದ ಬಟ್ಟಲು ತಂದು ಮಷೀನಿಗೆ ಬೊಟ್ಟಿಟ್ಟರು. ಆಮೇಲೆ, ಮದುವೆ ಮುಂಜಿಯಲ್ಲಿ ಬೀಗರು ಬಟ್ಟೆ ಉಡುಗೊರೆ ಕೊಡುತ್ತಾರಲ್ಲ, ಆ ಆಯೇರಿಯ ಮಾತು ತೆಗೆದರು.

"ತಪ್ಪು ತಿಳೀಬ್ಯಾಡ್ರಿ ಬೀಗರ. ಈ ಮಷೀನ ಮನಿಗೆ ಬಂದಾಗಿಂದ ಇದಕ್ಕ ಸೊಸಿ ತವರಮನಿಯಿಂದ ಆಯೇರಿ ಆಗಿದ್ದಿಲ್ಲ. ಇವತ್ತ ನೀವು ಬಂದ್ರಿ, ಕೂಡಿ ಬಂತು."

"ಆಯೇರಿ ಅಂದ್ರ ಹಲ್ಲಾಗ ಯಾಕ ಸಿಕ್ಕೊಂಡೈತ್ರಿ?" ಎಂದ ಅಪ್ಪ.

"ಭಾಳ ಮನಸಿಗೆ ಬಂದೈತ್ರಿ ಅದಕ್ಕ," ಎಂದರು ಅತ್ತೆ.

ಅಷ್ಟರಲ್ಲಿ ನಮ್ಮ ಮನೆಯವರು ತಗಡಿನ ಹೊರೆ ಹೊತ್ತುಕೊಂಡು ಒಳಗೆ ಬಂದರು. ಅವರಿಗೆ ಮಾತು ಕಡಿಮೆ. ಮಾವನ ಬೋಳುತಲೆ ನೋಡಿದರು, ಮಷೀನಿನ ರುಮಾಲು ನೋಡಿದರು, ನನ್ನ ಮೂಗು ನೋಡಿದರು, ತಗಡು ಇಳಿಸಿದರು. ಬಟ್ಟೆ ಹರಿಯದಂತೆ ಹಲ್ಲಿನಿಂದ ಬಿಡಿಸಲು ತಾವು ಕೂತು, ಹಿಂದಕ್ಕೆ ಯಾರಾದರೂ ತುಸು ತುಸುವಾಗಿ ತಿರುವಬೇಕು ಎಂದರು. ನಾನು ಅಭ್ಯಾಸಬಲದಿಂದ ಕೈ ಮುಂದೆ ಮಾಡಿದೆ. ಅಪ್ಪ ನನ್ನನ್ನು ನೋಡಿದ. ಕೈ ಹಿಂದೆಗೆದೆ. ಅತ್ತೆ ತಮಗೆ ಮೊಣಕಾಲು ನೋವೆಂದರು, ಹಿಡಿಕೆಗೂ ಮೊಣಕಾಲಿಗೂ ಏನು ಸಂಬಂಧವೋ. ಉಳಿದದ್ದು ಒಬ್ಬನೇ. ತನ್ನ ಮಾನ ತಾನೇ ಬಿಡಿಸಿಕೊಳ್ಳಬೇಕೆಂದು ಅಪ್ಪನಿಗೂ ತಿಳಿಯಿತು. ಒಂದು ಕೈ ತಲೆಯ ಮೇಲೆ ಹಾಗೆಯೇ ಇಟ್ಟುಕೊಂಡು ಇನ್ನೊಂದರಿಂದ ಹಿಡಿಕೆ ಹಿಡಿದ. ಅರ್ಧ ಸುತ್ತಿಗೆ ತಲೆಯ ಮೇಲಿನ ಕೈಯೂ ಹಿಡಿಕೆಗೆ ಇಳಿಯಿತು.

ರುಮಾಲು ಬಿಚ್ಚಿ ಬಂತು. ಒಂದು ಮೂಲೆಯಲ್ಲಿ ಹಲ್ಲಿನ ಗುರುತು ಕಸೂತಿ ಹಾಕಿದ ಹಾಗೆ ಸಾಲಾಗಿ ಬಿದ್ದಿತ್ತು. ಉಳಿದದ್ದು ಮಾತ್ರ ಹೊಸ ಕಾಗದದಂತೆ ಗರಿಗರಿಯಾಗಿತ್ತು. ಅಪ್ಪ ಕಸೂತಿಯ ಮೂಲೆಯನ್ನು ಒಳಗೆ ಹಾಕಿ ಸುತ್ತಿಕೊಂಡು ಕನ್ನಡಿಯಲ್ಲಿ ನೋಡಿದ. ಎಡಕ್ಕೆ ತಿರುಗಿ ನೋಡಿದ, ಬಲಕ್ಕೆ ತಿರುಗಿ ನೋಡಿದ. ಈಗ ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿದೆ. ಬಂದದ್ದು ಪ್ರಶ್ನೆ. ಇದರಲ್ಲಿ ತಗಡು ಹಾಕಿದರೆ ಹೇಗೆ ಬರುತ್ತದೆ ಎಂದು ಅಳಿಯನನ್ನು ಕೇಳಿದ. ಇವರು ಒಂದು ತಗಡು ಒಳಗೆ ಕೊಟ್ಟರು. ಅಪ್ಪ ತಿರುವಿದ. ಆಚೆ ಕಡೆಯಿಂದ ಬಕೀಟಿನ ಮೈ ದುಂಡಗೆ ಏಳುವುದನ್ನು ನೋಡಿದವನ ಮುಖ, ದೇವರಾಣೆ, ನನ್ನ ನಾಮಕರಣದ ದಿನವೂ ಅಷ್ಟು ಅರಳಿರಲಿಕ್ಕಿಲ್ಲ. ಇನ್ನೊಂದು ಕೊಡ್ರಿ ಎಂದ. ಮತ್ತೊಂದು ಎಂದ. ಸಂಜೆಯ ಬಸ್ಸು ಹೋಯಿತು. ಒಂದು ತಗಡು ಹೊರಬಂದು ಸ್ವಲ್ಪ ಬಿಚ್ಚಿಕೊಂಡಾಗ ಇವರು ಹಟದ ವಿಷಯ ಹೇಳಿ, ತುಸು ಹೆಚ್ಚೇ ಬಗ್ಗಿಸಬೇಕ್ರಿ ಮಾವ ಎಂದರು. ಅಪ್ಪ ಹೌದ್ರಿ ಹೌದ್ರಿ ಎನ್ನುತ್ತ ತಾನೇ ಎಷ್ಟು ಬಗ್ಗಿ ಹಿಡಿಕೆ ತಿರುವುತ್ತಿದ್ದನೆಂದರೆ, ರುಮಾಲು ಜಾರಿದ್ದೂ ಅವನಿಗೆ ಗೊತ್ತಾಗಲಿಲ್ಲ.

ಮರುದಿನ ಮುಂಜಾನೆ ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ರೊಟ್ಟಿ ಮುರಿಯಲು ಬರದೆ ನಾನೇ ಮುರಿದು ಹಾಕಿದೆ. ಆಗ ಅಪ್ಪ ನನ್ನ ಕೈ ಹಿಡಿದು ಅಂಗೈ ಮೇಲೆ ಮಾಡಿ, ಗಂಟುಗಳ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿದ.

"ತಂಗೀ, ಮಲಗೂ ಮುಂದ ಕೈಗೆ ಎಣ್ಣಿ ಹಚ್ಚಿಕೊಂತ ಹೋಗು," ಎಂದ.

ಇಷ್ಟೇ. ಕರೆದುಕೊಂಡು ಹೋಗುವ ಮಾತು ಎತ್ತಲಿಲ್ಲ. ನನಗೆ ಕಣ್ಣು ತುಂಬಿ ಬಂದವು. ಬಸ್ಸು ಹತ್ತುವಾಗ ಅಪ್ಪನ ರುಮಾಲಿನಂಥ ರುಮಾಲು ಇಡೀ ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದಿರಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಗೆದ್ದವರು ಆ ಬಸ್ಸು ಮತ್ತೆ ತಿರುಗಿ ಬರುವವರೆಗಾದರೂ ಕಾಯಬೇಕು.

ಒಂದು ವಾರಕ್ಕೆ ಕಂಡಕ್ಟರು ಒಂದು ಗಂಟು ತಂದುಕೊಟ್ಟ. ಬಿಚ್ಚಿದರೆ ಅಡತಿ ಓಣಿಯ ಹಿರಿಯರ ರುಮಾಲುಗಳು. ಅಪ್ಪ ಊರಿಗೆ ಹೋದವನೇ ತನ್ನ ತಲೆಯನ್ನು ಅಂಗಡಿ ಅಂಗಡಿಗೆ ತೋರಿಸಿಕೊಂಡು ಬಂದು, ಇಂಥ ಇಸ್ತ್ರಿ ನನ್ನ ಮಗಳ ಕೈಯಿಂದ ಮಾತ್ರ ಸಾಧ್ಯವೆಂದು ಹೇಳಿದ್ದನಂತೆ. ಕೂಲಿಯವಳಾಗಬಾರದೆಂದು ಬಂದವನು ನನ್ನನ್ನು ನರಗುಂದದ ಅಗಸಗಿತ್ತಿ ಮಾಡಿ ಕೂಡಿಸಿದ. ವಾರವಾರವೂ ಗಂಟು ಬರತೊಡಗಿತು. ತಗಡಿಗೆ ಒಂದು ಹೊತ್ತು, ರುಮಾಲಿಗೆ ಒಂದು ಹೊತ್ತು. ತಿರುವಿ ತಿರುವಿ ಭುಜ ಹಿಡಿದುಕೊಂಡಿತು. ಹಿಡಿಕೆ ಕಂಡರೆ ಬೇಸರ ಬರುವ ದಿನವೂ ಬಂತು. ಆದರೂ ಮುಂದೆ ನಾಗರ ಪಂಚಮಿ ಇದೆಯೆಂದು ಸಮಾಧಾನ ಮಾಡಿಕೊಂಡೆ. ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಅಪ್ಪ ಒಂದು ವರ್ಷವೂ ತಪ್ಪಿಸಿದವನಲ್ಲ. ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು, ಕೈಯಿಂದ ಏನನ್ನೂ ತಿರುವಬಾರದು ಎಂದು ಸೀರೆ ಗಂಟು ಕಟ್ಟಿಟ್ಟುಕೊಂಡು ಬಾಗಿಲಲ್ಲಿ ಕೂತೆ.

ಬಸ್ಸು ಬಂತು. ಇಳಿದದ್ದು ಅಪ್ಪನಲ್ಲ, ನನ್ನ ಅಣ್ಣ. ತಲೆಯ ಮೇಲೆ ಹಿಂದೆಂದೂ ಕಾಣದಷ್ಟು ದೊಡ್ಡ ಗಂಟು. ಅದರ ಮೇಲೆ ಅವ್ವ ಕಟ್ಟಿಕೊಟ್ಟ ಉಂಡಿಯ ಡಬ್ಬಿ. ಡಬ್ಬಿ ನೋಡಿದರೆ ಅದೂ ನಾನು ತಿರುವಿದ್ದೇ. ಅಪ್ಪ ಯಾಕೆ ಬರಲಿಲ್ಲ ಎಂದು ಕೇಳಿದೆ. ಅಣ್ಣ ಗಂಟು ಇಳಿಸಿ, ಬೆವರು ಒರೆಸಿಕೊಂಡು, ಕಲಿಸಿ ಕಳಿಸಿದ ಪಾಠ ಒಪ್ಪಿಸಿದ.

"ಪಂಚಮಿಗೆ ಎಲ್ಲಾರಿಗೂ ರುಮಾಲ ಬೇಕಾಗ್ಯಾವಂತ. ತಂಗಿನ್ನ ಕರಕೊಂಡು ಬಂದ್ರ ಆ ಮಷೀನ ಯಾರು ತಿರುವತಾರ ಅಂತ ಅಪ್ಪ ಕೇಳಾಕತ್ತಾನ."

ನಮ್ಮ ಮನೆಯವರು ತಗಡಿನ ಮರೆಯಲ್ಲಿ ನಗುತ್ತಿದ್ದರು. ಎಷ್ಟು ಹೆಚ್ಚು ಬಗ್ಗಿಸಬೇಕೆಂಬ ಲೆಕ್ಕವನ್ನು ಅವರು ನನಗೆ ತಗಡಿನ ವಿಷಯದಲ್ಲಿ ಹೇಳಿಕೊಟ್ಟಿದ್ದರು, ಅಪ್ಪಂದಿರ ವಿಷಯದಲ್ಲಿ ಹೇಳಿಕೊಟ್ಟಿರಲಿಲ್ಲ. ನಾನು ಒಂದು ಉಂಡಿ ಬಾಯಿಗೆ ಹಾಕಿಕೊಂಡು, ಸೆರಗು ಸಿಕ್ಕಿಸಿ, ರೋಲಿಗೆ ತೌಡು ಹಚ್ಚತೊಡಗಿದೆ.